ಉಪ್ಪಿನೂಟ

ನಮ್ಮೂರಿನ ಹೋಟೆಲುಗಳಲ್ಲಿ ಯಾವ ಅಡುಗೆಗೂ ಉಪ್ಪು ಹಾಕುವುದಿಲ್ಲ. ಇಡ್ಲಿ, ಚಟ್ನಿ, ಸಾಂಬಾರು, ಎಲ್ಲವೂ ಸಪ್ಪೆಯಾಗಿಯೇ ಟೇಬಲ್ಲಿಗೆ ಬರುತ್ತವೆ. ಗಿರಾಕಿ ಜೇಬಿನಿಂದ ತನ್ನ ಡಬ್ಬಿ ತೆಗೆದು, ಹೆಂಡತಿಯೋ ತಾಯಿಯೋ ತುಂಬಿಕೊಟ್ಟ ಉಪ್ಪನ್ನು ಉದುರಿಸಿಕೊಂಡು ತಿನ್ನುತ್ತಾನೆ. ಮಾಣಿ ಹಾಕಿದ ಉಪ್ಪು ಅವನಿಗೆ ಮರಳಿಗೆ ಸಮ. ಮನಸ್ಸು ಯಾರಿಗೆ ಒಪ್ಪಿಸಿದ್ದೇವೋ ಅವರ ಕೈಯಿಂದ ಬಂದ ಉಪ್ಪು ಮಾತ್ರ ನಮ್ಮೂರಲ್ಲಿ ನಾಲಿಗೆಗೆ ಹಿಡಿಯುತ್ತದೆ. ಬೇರೆ ಊರುಗಳಲ್ಲಿ ಯಾರು ಹಾಕಿದ ಉಪ್ಪಾದರೂ ಎಲ್ಲರಿಗೂ ಹಿಡಿಯುತ್ತದಂತೆ. ಹಾಗಿದ್ದರೆ ಅಲ್ಲಿನ ಜನ ಒಬ್ಬರನ್ನೊಬ್ಬರು ಹೇಗೆ ನಂಬುತ್ತಾರೋ, ಯಾವ ಧೈರ್ಯದ ಮೇಲೆ ಹೆಣ್ಣು ಕೊಟ್ಟು ತರುತ್ತಾರೋ, ನನಗಂತೂ ತಿಳಿಯದು.

ತನ್ನ ಕೈಯ ಉಪ್ಪು ತನಗೇ ಹಿಡಿಯುವಂಥವರೂ ಅಲ್ಲೊಬ್ಬ ಇಲ್ಲೊಬ್ಬ ಇದ್ದಾರೆ. ಅಂಥವರ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ, ಓಟನ್ನು ಮಾತ್ರ ಕೊಡುತ್ತಾರೆ. ಹೆಂಗಸರಾದ ನಮ್ಮ ಪಾಡು ಇನ್ನೊಂದು. ಮನೆಮಂದಿಗೆಲ್ಲ ಉಪ್ಪು ಹಾಕುವ ಕೈ ನಮ್ಮದೇ ಆದರೂ ನಮ್ಮ ತಟ್ಟೆಗೆ ಗಂಡ ಹಾಕಬೇಕು. ಉಂಡೆದ್ದ ಗಂಡ ಕೈ ತೊಳೆದು ಬಂದು, ಹೆಂಡತಿಯ ತಟ್ಟೆಯ ಅಂಚಿಗೆ ಒಂದು ಚಿಟಿಕೆ ಉಪ್ಪು ಇಟ್ಟು ಹೋಗುವುದು ಪದ್ಧತಿ. ಎಷ್ಟೋ ಗಂಡಸರಿಗೆ ಅದು ಮರೆತೇ ಹೋಗುತ್ತದೆ. ಆ ಮನೆಗಳ ಹೆಂಗಸರಿಗೆ ಸಪ್ಪೆ ಉಂಡು ಸಪ್ಪೆ ಉಂಡು ಮುಖವೇ ಒಂದು ಥರ ಆಗಿರುತ್ತದೆ. ನಮ್ಮವರು ಒಂದು ದಿನವೂ ಮರೆತವರಲ್ಲ.

ನಮ್ಮವರ ಹೆಸರು ಮೂಡ್ಲಯ್ಯ. ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ದರ್ಜಿ ಅಂಗಡಿ ಇಟ್ಟುಕೊಂಡಿದ್ದಾರೆ. ಅಂಗಿ ಹೊಲಿಯಲು ಕೊಟ್ಟವರು ಹಬ್ಬ ಕಳೆದ ಮೇಲೆ ಬಂದು, ಬಾಯಿಗೆ ಬಂದಂತೆ ಬೈದು ತೆಗೆದುಕೊಂಡು ಹೋಗುತ್ತಿದ್ದರು. ಪಕ್ಷದ ಬಾವುಟ ಮಾತ್ರ ಹೇಳಿದ ದಿನಕ್ಕಿಂತ ಮುಂಚೆಯೇ ಇಸ್ತ್ರಿಯಾಗಿ ಕೂತಿರುತ್ತಿತ್ತು. ಸುಳ್ಳು ಹೇಳಲು ಬಾರದ ಮನುಷ್ಯ. ದೊಡ್ಡ ಸಾಧು ಎಂದೇನೂ ಅಲ್ಲ, ಬರುತ್ತಿರಲಿಲ್ಲ ಅಷ್ಟೆ, ಕೆಲವರಿಗೆ ಈಜು ಬಾರದ ಹಾಗೆ.

ಇದರ ಬಿಸಿ ನನಗೆ ಮದುವೆಯಾದ ಹೊಸತರಲ್ಲೇ ತಟ್ಟಿತ್ತು. ಆಗ ಅವರಿಗೆ ಅವರ ಅವ್ವನ ಕೈಯ ಉಪ್ಪು ಮಾತ್ರ ಹಿಡಿಯುತ್ತಿತ್ತು. ನನ್ನ ಕೈಯದು ಹಿಡಿಯುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಹೊಸ ಮದುಮಗ ನಾಚಿಕೆಗಾದರೂ ಹಿಡೀತು ಅನ್ನುತ್ತಾನೆ, ಹುಡುಗಿ ನಂಬಿದಂತೆ ನಟಿಸುತ್ತಾಳೆ, ಸಂಸಾರ ಹೇಗೋ ಸಾಗುತ್ತದೆ. ಈ ಪುಣ್ಯಾತ್ಮ ಪ್ರತಿ ಊಟಕ್ಕೂ ತುತ್ತು ನುಂಗಿ, ನನ್ನ ಮುಖ ನೋಡಿ, "ಸಪ್ಪೆ ಕಣೇ" ಅನ್ನುತ್ತಿದ್ದರು. ನಾನು ಒಲೆಯ ಮುಂದೆ ಕೂತು ಹೊಗೆಯ ನೆಪ ಹೇಳಿಕೊಂಡು ಅಳುತ್ತಿದ್ದೆ. ತೌರಿಗೆ ಹೋಗಿಬಿಡುತ್ತೇನೆ ಎಂದು ಗಂಟು ಕಟ್ಟಿದ್ದೂ ಉಂಟು. ಹಾಗಿರುವಾಗ ಒಂದು ಮಧ್ಯಾಹ್ನ ಹುರುಳಿಸಾರಿಗೆ ಮುದ್ದೆ ಅದ್ದಿ ಬಾಯಿಗಿಟ್ಟವರು ಹಾಗೇ ಕೂತುಬಿಟ್ಟರು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಆಮೇಲೆ ಮೆಲ್ಲಗೆ, ಯಾರಿಗಾದರೂ ಕೇಳಿಸೀತು ಎನ್ನುವ ಹಾಗೆ, "ಲಕ್ಕೀ, ಹಿಡೀತು ಕಣೇ" ಅಂದರು. ನನ್ನ ಮದುವೆಯಾದದ್ದು ಅಂದು ಅಂತಲೇ ನಾನು ಲೆಕ್ಕ ಇಟ್ಟುಕೊಂಡಿರುವುದು. ಆಮೇಲೂ ಅವರ ಬಾಯಿ ಸುಮ್ಮನಿರಲಿಲ್ಲ. ಇವತ್ತು ಒಸಿ ಜಾಸ್ತಿ, ಇವತ್ತು ಒಸಿ ಕಮ್ಮಿ, ಇವತ್ತು ನಿನ್ನ ಮನಸ್ಸು ಎಲ್ಲಿತ್ತೇ, ಹೀಗೆ ದಿನಾ ಒಂದು ಕೊಂಕು. ಆ ಕೊಂಕು ಕೇಳಿದರೆ ನನಗೆ ಹೊಟ್ಟೆ ತುಂಬುತ್ತಿತ್ತು.

ಅವರ ಮನಸ್ಸು ಒಪ್ಪಿಸಿದ ಇನ್ನೊಂದು ಕೈ ತಿಮ್ಮರಾಯಪ್ಪನವರದು. ನಮ್ಮೂರಲ್ಲಿ ಪಕ್ಷ ಕಟ್ಟಿದವರು ಅವರೇ. ಊರೆಲ್ಲ ಅವರನ್ನು ದೊಡ್ಡೋರು ಅನ್ನುತ್ತದೆ. ವರ್ಷಕ್ಕೊಮ್ಮೆ ಪಕ್ಷದ ಕಚೇರಿಯ ಹಿತ್ತಲಲ್ಲಿ ಉಪ್ಪಿನೂಟ ನಡೆಯುತ್ತದೆ. ಕೊಪ್ಪರಿಗೆಯಲ್ಲಿ ಬೇಳೆಸಾರು ಕುದಿಯುತ್ತಿರುವಾಗ ದೊಡ್ಡೋರು ಮುಷ್ಟಿಯಲ್ಲಿ ಉಪ್ಪು ಹಿಡಿದು ಬಂದು ಅದರ ಮೇಲೆ ಕೈ ಬಿಚ್ಚುತ್ತಾರೆ. ಆಗ ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಬೇಕು. ಉಪ್ಪು ಬೀಳುವುದನ್ನು ನೋಡಿದರೆ ಅನುಮಾನಪಟ್ಟ ಹಾಗೆ. ಆಮೇಲೆ ಪಂಕ್ತಿ ಕೂತು, ಒಬ್ಬೊಬ್ಬರೂ ಮೊದಲ ತುತ್ತು ಬಾಯಿಗಿಟ್ಟು, ಎಲ್ಲರಿಗೂ ಕೇಳುವಂತೆ "ಹಿಡೀತು" ಅನ್ನಬೇಕು. ನಾಯಕ ಯಾರು ಎನ್ನುವುದು ಅಲ್ಲಿಗೆ ತೀರ್ಮಾನ. ಕೈ ಎತ್ತುವುದು, ಚೀಟಿ ಹಾಕುವುದು ಯಾವುದೂ ಇಲ್ಲ. ನಮ್ಮವರು ಅಲ್ಲೂ ಬಿಡುತ್ತಿರಲಿಲ್ಲ. "ಹಿಡೀತು ದೊಡ್ಡೋರೇ, ಒಸಿ ಕೈ ಜೋರಾಯ್ತು" ಅನ್ನುವರು. ದೊಡ್ಡೋರು ಹೊಟ್ಟೆ ಕುಲುಕಿಸಿ ನಗುತ್ತ, "ಮೂಡ್ಲಯ್ಯನ ನಾಲಿಗೆ ತಕ್ಕಡಿ ಕಣ್ರಯ್ಯಾ" ಅನ್ನುತ್ತಿದ್ದರು. ಆ ಒಂದು ಮಾತನ್ನು ನಮ್ಮವರು ಮುಂದಿನ ವರ್ಷದವರೆಗೆ ಜೋಪಾನ ಮಾಡುತ್ತಿದ್ದರು.

ಒಡಕು ಶುರುವಾದದ್ದು ಓಂಕಾರಪ್ಪನಿಂದ. ತಂದೆತಾಯಿ ಇಲ್ಲದವನನ್ನು ದೊಡ್ಡೋರೇ ಮನೆಯಲ್ಲಿಟ್ಟುಕೊಂಡು ಸಾಕಿ, ಓದಿಸಿ, ಪಕ್ಷದ ಕಾರ್ಯದರ್ಶಿ ಮಾಡಿದ್ದರು. ಮೀಸೆ ಬಲಿತ ಮೇಲೆ ಅವನಿಗೆ ಮುದುಕರು ಕುರ್ಚಿಯಲ್ಲಿ ಕೂತಿದ್ದು ಕಣ್ಣಿಗೆ ಚುಚ್ಚತೊಡಗಿತು. ಬೀದಿಬೀದಿಯ ಸಭೆಗಳಲ್ಲಿ ಉಪ್ಪಿಟ್ಟಿಗೆ ತಾನೇ ಕೈಯಾರೆ ಉಪ್ಪು ಹಾಕಿ ಬಡಿಸಲು ಶುರುಮಾಡಿದ. ಚಹಾದಂಗಡಿಯಲ್ಲಿ ಅವನ ಕಡೆಯವರು, ದೊಡ್ಡೋರ ಉಪ್ಪು ಈಗೀಗ ಹಿಡಿಯುತ್ತಿಲ್ಲವಂತೆ, ಅವರಿಗೆ ಹಾಗಾಯಿತಂತೆ, ಇವರಿಗೆ ಹೀಗಾಯಿತಂತೆ ಎಂದು ಗಾಳಿಗೆ ಬಿಟ್ಟರು. ನನ್ನ ತಮ್ಮ ಬೈಲಪ್ಪನೂ ಓಂಕಾರಪ್ಪನ ಹಿಂದೆ ಹೋದ.

ಊರು ಹೇಗೋ ಹೊಂದಿಕೊಂಡಿತು. ಅಪ್ಪ ಆ ಕಡೆ ಮಗ ಈ ಕಡೆ ಆದ ಮನೆಗಳಲ್ಲಿ ಎರಡೆರಡು ಪಾತ್ರೆಯಲ್ಲಿ ಸಾರು ಇಳಿಯಿತು. ಬೀಗರೂಟಗಳಲ್ಲಿ ಯಾರ ಪಕ್ಕ ಯಾರು ಕೂರಬೇಕೆಂಬುದೇ ದೊಡ್ಡ ತಲೆನೋವಾಯಿತು. ಜನ ಉಣ್ಣುವುದನ್ನು ಬಿಟ್ಟು ಪಕ್ಕದವನ ಮುಖ ನೋಡುವುದನ್ನು ಕಲಿತರು. ನೋಡುವವರು ಹೆಚ್ಚಿದಂತೆ ತೋರಿಸುವವರೂ ಹೆಚ್ಚಿದರು. ತುತ್ತಿಟ್ಟ ಕೂಡಲೇ ಅರೆಗಣ್ಣು ಮುಚ್ಚುವುದು, ಲೊಟ್ಟೆ ಹೊಡೆಯುವುದು, ತಲೆ ತೂಗುವುದು, ಇವೆಲ್ಲ ಗಂಡಸರಿಗೆ ಚೆನ್ನಾಗಿ ರೂಢಿಯಾದವು. ಯಾರಿಗೆ ಯಾರ ಉಪ್ಪು ನಿಜಕ್ಕೂ ಹಿಡಿಯುತ್ತಿದೆ ಎಂಬುದು ಅವರವರ ನಾಲಿಗೆಗೆ ಬಿಟ್ಟರೆ ಇನ್ಯಾರಿಗೂ ಗೊತ್ತಾಗದ ಕಾಲ ಬಂತು.

ಓಂಕಾರಪ್ಪ ನಮ್ಮ ಅಂಗಡಿಗೂ ಬಂದಿದ್ದ. ಅದೇ ಬಾವುಟಕ್ಕೆ ಒಂದು ಹಳದಿ ಅಂಚು ಕೊಟ್ಟು ಹೊಲಿಯಬೇಕಂತೆ. ನಮ್ಮವರು ಮಿಷಿನ್ ತುಳಿಯುವುದನ್ನು ನಿಲ್ಲಿಸದೆ, "ಬಾವುಟಕ್ಕೆ ಅಂಚಿಲ್ಲ ಕಣಪ್ಪ. ಸೀರೆ ತಂದ್ರೆ ಹಾಕ್ಕೊಡ್ತೀನಿ" ಅಂದರು. ಬೈಲಪ್ಪ ಅವತ್ತು ಸಂಜೆ ಮನೆಗೆ ಬಂದು ಕೂಗಾಡಿದ. "ಭಾವ, ಮುದುಕರ ಕಾಲ ಮುಗೀತು. ನೀವು ಹೊಳೆ ದಾಟೋ ಹೊತ್ತಲ್ಲಿ ದಡ ಹಿಡ್ಕಂಡು ಕೂತಿದ್ದೀರ." ನಮ್ಮವರು ಹೇಳಿದ್ದು ಇಷ್ಟೇ: "ನಂಗೆ ಹಿಡೀತದೆ ಬೈಲಪ್ಪ. ಹಿಡಿಯೋದನ್ನ ಹಿಡಿಯಲ್ಲ ಅನ್ನಕ್ಕೆ ನಂಗೆ ಬರಲ್ಲ."

ಜಗಳ ರಾಜಧಾನಿಯ ತನಕ ಹೋಗಿ, ಮೇಲಿನವರು ಇಬ್ಬರು ವೀಕ್ಷಕರನ್ನು ಕಳಿಸಿದರು. ಈ ಸಲದ ಉಪ್ಪಿನೂಟದಲ್ಲಿ ಸಪ್ಪೆ ಅನ್ನುವವರು ಹೆಚ್ಚಾದರೆ ದೊಡ್ಡೋರು ಇಳಿಯಬೇಕು, ಹಿಡೀತು ಅನ್ನುವವರು ಹೆಚ್ಚಾದರೆ ಓಂಕಾರಪ್ಪ ಬಾಯಿ ಮುಚ್ಚಿಕೊಂಡಿರಬೇಕು ಎಂದು ಮಾತಾಯಿತು. ನಮ್ಮವರು ಊಟದ ಹಿಂದಿನ ದಿನವೆಲ್ಲ ಹೊಸ ಬಾವುಟಕ್ಕೆ ಮಡಿಕೆ ಹೊಡೆಯುತ್ತ ಕೂತಿದ್ದರು. ಎರಡು ಸಲ ಸೂಜಿ ಮುರಿಯಿತು. "ಅರ್ಧಕ್ಕರ್ಧ ಜನ ಸಪ್ಪೆ ಅಂದ್ಬಿಟ್ರೆ ಆ ಜೀವ ತಡ್ಕಳಲ್ಲ ಲಕ್ಕೀ" ಅಂದರು. ಪಕ್ಷ ಉಳಿಯುತ್ತದೋ ಬಿಡುತ್ತದೋ ನನಗೆ ಬೇಕಿರಲಿಲ್ಲ. ಆ ಮುದುಕರಿಗೆ ಏನಾದರೂ ಆದರೆ ಇವರು ಉಳಿಯುವುದಿಲ್ಲವಲ್ಲ ಎಂಬುದು ನನ್ನ ಹೆದರಿಕೆ.

ಬಡಿಸುವ ಹೆಂಗಸರ ಜೊತೆ ನಾನೂ ಹೋಗಿದ್ದೆ. ವೀಕ್ಷಕರಿಬ್ಬರೂ ಮೇಲಿನ ಜಗಲಿಯಲ್ಲಿ ಬಾಳೆಹಣ್ಣು ಸುಲಿಯುತ್ತ ಕೂತಿದ್ದರು. ಪರವೂರಿನವರಿಗೆ ನಮ್ಮಲ್ಲಿ ಯಾವ ಉಪ್ಪೂ ಹಿಡಿಯುವುದಿಲ್ಲವಾದ್ದರಿಂದ ಬಂದವರೆಲ್ಲ ಹಣ್ಣಿನಲ್ಲೇ ಕಾಲ ಕಳೆಯುತ್ತಾರೆ. ದೊಡ್ಡೋರು ಮುಷ್ಟಿ ಬಿಗಿಹಿಡಿದು ನಡೆದು ಬಂದರು. ಸೊರಗಿದ್ದರು. ಪಂಚೆಯ ಅಂಚು ನೆಲಕ್ಕೆ ತಾಗುತ್ತಿತ್ತು. ನಾವೆಲ್ಲ ತಲೆ ತಗ್ಗಿಸಿ ಕಣ್ಣು ಮುಚ್ಚಿದೆವು. ಗಂಟೆ ಬಾರಿಸಿದ ಮೇಲೆ ಕಣ್ಣು ತೆರೆದು ಬಡಿಸಿದೆವು.

ಪಂಕ್ತಿಯ ಮೊದಲ ತುದಿಯಲ್ಲಿ ಓಂಕಾರಪ್ಪನೇ ಕೂತಿದ್ದ. ಎಲ್ಲರ ಉಸಿರು ಅವನ ಬಾಯಲ್ಲಿತ್ತು. ಅವನು ತುತ್ತು ಕಲಸಿ, ಬಾಯಿಗಿಟ್ಟು, ಒಂದು ಗಳಿಗೆ ಎತ್ತಲೋ ನೋಡಿ, ಕಚೇರಿಯ ಹೆಂಚು ಹಾರುವ ಹಾಗೆ "ಹಿಡೀತು!" ಅಂದ. ನಮಗೆಲ್ಲ ಆಶ್ಚರ್ಯವಾಯಿತು. ವೀಕ್ಷಕರು ಹಿಂದಿನ ಸಂಜೆಯೇ ಅವನನ್ನು ಪ್ರವಾಸಿ ಮಂದಿರಕ್ಕೆ ಕರೆಸಿ, ಉಪಾಧ್ಯಕ್ಷ ಮಾಡುತ್ತೇವೆ, ಮುಂದಿನ ಸಲ ಕುರ್ಚಿ ನಿನ್ನದೇ ಎಂದು ಒಪ್ಪಿಸಿದ್ದರಂತೆ. ಅದು ನನಗೆ ಆಮೇಲೆ ಗೊತ್ತಾದದ್ದು. ನಾಯಕನೇ ಅಂದ ಮೇಲೆ ಅವನ ಕಡೆಯವರು ಬಿಟ್ಟಾರೆಯೇ? ಹಿಡೀತು, ಹಿಡೀತು ಎಂದು ಪಂಕ್ತಿಯುದ್ದಕ್ಕೂ ಮಾತು ಉರುಳಿಕೊಂಡು ಬಂತು. ದೊಡ್ಡೋರ ಕಡೆಯವರ ಸರದಿ ಬಂದಾಗ ಮಾತ್ರ ನಾನೊಂದು ಕಂಡೆ. ತುತ್ತು ಬಾಯಲ್ಲಿ ನಿಲ್ಲುತ್ತಿತ್ತು. ಕಣ್ಣು ಅಕ್ಕಪಕ್ಕ ಓಡುತ್ತಿತ್ತು. ಹಣೆಯಲ್ಲಿ ಬೆವರು. ಆಮೇಲೆ ಹಿಡೀತು. ದೊಡ್ಡೋರ ಜೊತೆ ಜೈಲಿಗೂ ಹೋಗಿಬಂದಿದ್ದ ಸಿದ್ದವೀರಯ್ಯನವರ ಕಣ್ಣಲ್ಲಿ ನೀರೇ ಬಂದುಬಿಟ್ಟಿತು. ಅವರೂ ತಲೆ ತಗ್ಗಿಸಿ ಹಿಡೀತು ಅಂದರು.

ನಮ್ಮವರು ಕೊನೆಗಿದ್ದರು. ಒಂದು ತುತ್ತು ಇಟ್ಟುಕೊಂಡರು. ಹುಬ್ಬು ಗಂಟಿಕ್ಕಿತು. ಇನ್ನೊಂದು ಇಟ್ಟುಕೊಂಡರು. ಬೆರಳಲ್ಲಿ ಸಾರು ನೆಕ್ಕಿ ನೋಡಿದರು. ಅವರ ಮುಖ ನನಗೆ ಚೆನ್ನಾಗಿ ಗೊತ್ತು, ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಮನೆಯಲ್ಲಿ ನನಗೆ ಹೇಳುವ ಹಾಗೆ, ಅಷ್ಟೇ ಸಲೀಸಾಗಿ, "ದೊಡ್ಡೋರೇ, ಉಪ್ಪೇ ಬಿದ್ದಿಲ್ಲ. ಮರ್ತಿದ್ದೀರ ಅಂತ ಕಾಣ್ತದೆ" ಅಂದುಬಿಟ್ಟರು.

ದೊಡ್ಡೋರು ನಮ್ಮವರನ್ನೇ ನೋಡುತ್ತ ನಿಂತರು. ಅವರ ಕಣ್ಣಿನಲ್ಲಿ ಏನೋ ಹೊಳೆಯಿತು. ಅದನ್ನು ನಾನು ಸಿಟ್ಟು ಎಂದುಕೊಂಡೆ. ಅಷ್ಟರಲ್ಲಿ ಓಂಕಾರಪ್ಪ ಎಲೆ ಬಿಟ್ಟೆದ್ದು, "ದ್ರೋಹಿ! ದೊಡ್ಡೋರ ಕೈಗೇ ಹೆಸರಿಡ್ತೀಯೇನೋ?" ಎಂದು ಕಿರುಚಿದ. ಅವನ ಹಿಂದೆ ಎಲ್ಲರೂ ಎದ್ದರು. ಎರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದಿದ್ದವರು ಹೆಗಲಿಗೆ ಹೆಗಲು ಕೊಟ್ಟು ನಮ್ಮವರನ್ನು ತಳ್ಳಿದರು. ಯಾರೋ ಎಲೆ ಎತ್ತಿ ಅವರ ಮೇಲೆ ಎಸೆದರು. ಅಂಗಿಯ ಮೇಲೆ ಸಾರು ಸುರಿಯುತ್ತಿದ್ದರೂ ಇವರು, "ಒಂದ್ಸಲ ನೋಡಿ ದೊಡ್ಡೋರೇ, ನೀವೇ ಒಂದ್ಸಲ ರುಚಿ ನೋಡಿ" ಅನ್ನುತ್ತಲೇ ಇದ್ದರು. ದೊಡ್ಡೋರು ಮುಖ ತಿರುಗಿಸಿ, "ಕರ್ಕೊಂಡೋಗಿ" ಅಂದರು. ಇಡೀ ಪಕ್ಷದಲ್ಲಿ ಒಬ್ಬನೇ ಒಬ್ಬ ನಿಷ್ಠೆಗೆಟ್ಟವನು, ಅವನನ್ನೂ ಹೊರಗೆ ಹಾಕಿದ್ದಾಗಿದೆ, ಪಕ್ಷ ಒಗ್ಗಟ್ಟಾಗಿದೆ ಎಂದು ವೀಕ್ಷಕರು ಅಲ್ಲೇ ಸಾರಿದರು.

ಅಂಗಡಿಯಿಂದ ಬಾವುಟದ ಬಟ್ಟೆಯ ಹೊರೆಗಳನ್ನು ಪಕ್ಷದ ಹುಡುಗರು ಹೊತ್ತುಕೊಂಡು ಹೋದರು. ಅಂಗಿಗೆ ಅಳತೆ ಕೊಟ್ಟವರೂ ಬಟ್ಟೆ ವಾಪಸು ಕೇಳಿದರು. ನಮ್ಮ ಬಾಗಿಲ ಮುಂದೆ ಹಾದುಹೋಗುವವರು ಕ್ಯಾಕರಿಸುವುದನ್ನು ಮರೆಯುತ್ತಿರಲಿಲ್ಲ. ನಮ್ಮವರಿಗೆ ಇದ್ಯಾವುದರ ಖಬರೂ ಇರಲಿಲ್ಲ. "ಮರ್ತಿದ್ರು ಕಣೇ. ವಯಸ್ಸಾಯ್ತಲ್ಲ. ಯಾರಾನ ಒಬ್ರು ಹೇಳ್ಬೇಕಲ್ವಾ?" ಅನ್ನುತ್ತಿದ್ದರು. ತನ್ನ ನಿಷ್ಠೆಯಲ್ಲೇ ಏನೋ ಐಬಿದ್ದೀತು ಎಂಬ ಅನುಮಾನ ಆ ತಲೆಗೆ ಹೊಳೆಯಲೇ ಇಲ್ಲ. ಉಣ್ಣಲು ಕೂತರೆ ಅಂಥ ದುಃಖದಲ್ಲೂ ನನ್ನ ಕಡೆ ತಿರುಗಿ, "ಇವತ್ತು ಒಸಿ ಕಮ್ಮಿಯಾಯ್ತಲ್ಲೇ" ಅನ್ನುತ್ತಿದ್ದರು. ನಾನು ಒಳಗೊಳಗೇ ದೇವರಿಗೆ ಕೈ ಮುಗಿಯುತ್ತಿದ್ದೆ.

ಒಂದು ದಿನ ಬೈಲಪ್ಪ ಹಿತ್ತಲ ಬಾಗಿಲಿಂದ ಬಂದ. ಭಾವ ಅಂಗಡಿಯಲ್ಲಿದ್ದಾರೆಂದು ತಿಳಿದೇ ಬಂದಿದ್ದ. ನೀರು ಕೊಟ್ಟರೆ ಕುಡಿಯದೆ ಲೋಟ ತಿರುಗಿಸುತ್ತ ಕೂತ. "ಅಕ್ಕಾ, ಯಾರ ಹತ್ರಾನೂ ಬಾಯಿ ಬಿಡ್ಬೇಡ. ಅವತ್ತು ನಂಗೂ ಹಿಡೀಲಿಲ್ಲ" ಅಂದ. ನಿನಗೆ ಹೇಗೆ ಹಿಡಿದೀತು, ನೀನು ಆ ಕಡೆಯವನಲ್ಲವೇ ಎಂದೆ. "ನಾನೂ ಹಂಗೇ ಅನ್ಕಂಡಿದ್ದೆ. ಆದ್ರೆ ಸಿದ್ದವೀರಯ್ಯನಿಗೂ ಹಿಡೀಲಿಲ್ವಂತೆ. ನಾನು ದ್ರೋಹಿಯಾಗ್ಬಿಟ್ಟೆ, ನನ್ನ ಮನಸ್ಸು ಯಾವಾಗ ಕೆಡ್ತೋ ನಂಗೇ ಗೊತ್ತಾಗ್ಲಿಲ್ಲ ಅಂತ ಮಂಚ ಹಿಡಿದವ್ನೆ. ಯಾರನ್ನ ಕೆದಕಿದ್ರೂ ಹಂಗೇ ಅಕ್ಕಾ. ಒಬ್ಬೊಬ್ರೂ ನಮಗೊಬ್ರಿಗೇ ಹಿಡೀಲಿಲ್ಲ ಅನ್ಕಂಡು, ಎಲ್ಲಿ ಗೊತ್ತಾಗ್ಬಿಡ್ತದೋ ಅಂತ ಹಿಡೀತು ಅಂದವ್ರೆ."

ನನ್ನ ಎದೆ ಹಗುರಾಯಿತು. "ಹಂಗಾದ್ರೆ ಬಾರೋ, ಬಂದು ನಾಕು ಜನರ ಮುಂದೆ ಹೇಳೋ! ನಿಮ್ಮ ಭಾವ ಉಳ್ಕತಾರೆ" ಎಂದು ಅವನ ತೋಳು ಹಿಡಿದೆ. ಅವನು ಮೆಲ್ಲಗೆ ಬಿಡಿಸಿಕೊಂಡ. "ಹೇಳಿದ್ರೆ ಅವತ್ತು ಸುಳ್ಳು ಹೇಳಿದ್ದೆ ಅಂತ ಆಗಲ್ವಾ? ಓಂಕಾರಪ್ಪ ಸುಮ್ನೆ ಬಿಡ್ತಾನಾ? ಭಾವಂಗೇ ಹೇಳು. ಜ್ವರ ಬಂದಿತ್ತು, ನಾಲಿಗೆ ಕೆಟ್ಟಿತ್ತು ಅಂತ ಒಂದು ಮಾತು ಅಂದ್ಬಿಡ್ಲಿ. ಒಂದು ಮಾತು." ಹಾಗೆಂದು, ಬಂದ ದಾರಿಯಲ್ಲೇ ಹೋದ. ಒಡಹುಟ್ಟಿದವನು. ಚಿಕ್ಕಂದಿನಲ್ಲಿ ನನ್ನ ಕೈಯ ಉಪ್ಪಿಲ್ಲದೆ ಗಂಜಿ ಕುಡಿಯುತ್ತಿರಲಿಲ್ಲ.

ಆ ಮಾತನ್ನು ನಾನು ನಮ್ಮವರಿಗೆ ಹೇಳಿದೆ. ಅವರಿಗೆ ಖುಷಿಯಾಗಿಬಿಟ್ಟಿತು! "ನೋಡು, ಯಾರಿಗೂ ಹಿಡೀಲಿಲ್ಲ ಅಂದ್ಮೇಲೆ ಉಪ್ಪು ಬಿದ್ದಿಲ್ಲ ಅಂತ್ಲೇ ಅಲ್ವಾ? ಎಲ್ಲಾರೂ ಅವರ ಕಡೆಯೋರೇ ಇದ್ದಾರು ಕಣೇ. ಪಾಪ, ದೊಡ್ಡೋರಿಗೆ ಇದು ಗೊತ್ತಿಲ್ಲ. ನಡಿ, ಹೇಳಾನ" ಎಂದು ಆಗಲೇ ಅಂಗಿ ತೊಟ್ಟರು. ನಾನೂ ಹಿಂದೆ ಹೋದೆ.

ದೊಡ್ಡೋರು ನಡುಮನೆಯಲ್ಲಿ ಒಬ್ಬರೇ ಇದ್ದರು. ನಮ್ಮನ್ನು ಕಂಡು ಬೈಯುತ್ತಾರೆಂದುಕೊಂಡಿದ್ದೆ. ಅವರು ಎದ್ದು ಬಂದು ನಮ್ಮವರ ಎರಡೂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನಮ್ಮವರು ಬೈಲಪ್ಪ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ನೀವು ಮರ್ತಿದ್ರಿ ಅಷ್ಟೇಯ ದೊಡ್ಡೋರೇ" ಅಂದರು. ದೊಡ್ಡೋರು ತಲೆಯಾಡಿಸಿದರು. "ಮರೀಲಿಲ್ಲ ಕಣೋ. ನಾನೇ ಹಾಕ್ಲಿಲ್ಲ. ಖಾಲಿ ಮುಷ್ಟಿ ತಂದಿದ್ದೆ."

ನಮ್ಮವರಿಗೆ ಅರ್ಥವಾಗಲಿಲ್ಲ. ದೊಡ್ಡೋರೇ ಬಿಡಿಸಿ ಹೇಳಿದರು. "ಓಂಕಾರಿ ನನ್ನನ್ನ ಇಳಿಸ್ತಾನೆ ಅಂತ ನಂಗೆ ಭಯ ಇರ್ಲಿಲ್ಲ ಮೂಡ್ಲಯ್ಯ. ಯಾರು ನನ್ನೋರು ಅಂತ ಗೊತ್ತಾಗ್ದಲೆ ಸಾಯ್ತೀನಲ್ಲ ಅಂತ ಭಯ ಇತ್ತು. ಉಪ್ಪು ಹಾಕಿದ್ರೆ ಎಲ್ಲಾ ಹಿಡೀತು ಅಂತಾರೆ, ಅದ್ರಲ್ಲಿ ನಿಜ ಯಾವ್ದು ಸುಳ್ಳು ಯಾವ್ದು ಹೆಂಗೆ ತಿಳೀಬೇಕು? ಅದಕ್ಕೇ ಹಾಕ್ಲಿಲ್ಲ. ಧೈರ್ಯವಾಗಿ ಬಿದ್ದಿಲ್ಲ ಅಂದೋರು ನನ್ನೋರು ಅನ್ಕಂಡೆ. ನೂರು ಜನಾನಾದ್ರೂ ಅಂತಾರೆ, ಆ ನೂರು ಜನರನ್ನ ಇಟ್ಕಂಡು ಪಕ್ಷಾನ ಮತ್ತೆ ಕಟ್ತೀನಿ ಅನ್ಕಂಡಿದ್ದೆ. ನೀನೊಬ್ಬ ಅಂದೆ."

"ಹಂಗಾದ್ರೆ ನನ್ನ ಯಾಕೆ ಹೊರಗಾಕಿದ್ರಿ?" ಎಂದು ನಮ್ಮವರು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದು.

"ಒಬ್ಬನ್ನ ಇಟ್ಕಂಡು ಪಕ್ಷ ನಡ್ಸೋಕಾಗುತ್ತೇನೋ ಹುಚ್ಚಪ್ಪಾ? ಸುಳ್ಳೇ ಹೇಳಿರ್ಲಿ, ಅವರು ಇದ್ದಾರೆ. ಅವರಿದ್ರೆ ಪಕ್ಷ. ನಾನು ಅವತ್ತು ನಿಂದೇ ನಿಜ ಅಂದಿದ್ರೆ ಪಂಕ್ತಿ ಪೂರ್ತಿ ಎದ್ದು ಹೋಗೋದು." ಆಮೇಲೆ ಅವರು ನಮ್ಮವರ ಮಂಡಿಯ ಮೇಲೆ ಕೈಯಿಟ್ಟರು. "ಈಗ ನೀನು ಹೊರಗಿದ್ರೂ ಕಷ್ಟ. ಜನ ಗುಸುಗುಸು ಅಂತವ್ರೆ. ಬಂದ್ಬಿಡು. ನಾಲಿಗೆ ಕೆಟ್ಟಿತ್ತು ಅಂತ ಎಲ್ಲಾರ ಮುಂದೆ ಅನ್ನು. ನಾನೇ ನನ್ನ ಕೈಯಾರೆ ಉಪ್ಪು ಕೊಡ್ತೀನಿ. ಬಾವುಟ ಮತ್ತೆ ನಿನ್ನ ಅಂಗ್ಡೀಲೇ ಹೊಲಿ. ಬೇರೆಯೋರನ್ನ ಈ ಮಾತು ಕೇಳಕ್ಕಾಗಲ್ಲ ಕಣೋ. ನಿಂಗೆ ನನ್ನ ಮೇಲೆ ಪ್ರಾಣ ಅಂತ ಗೊತ್ತಿರೋದಕ್ಕೇ ಕೇಳ್ತಿದ್ದೀನಿ."

ನನಗೆ ತಡೆಯಲಾಗಲಿಲ್ಲ. "ಬೇಡಿ ದೊಡ್ಡೋರೇ. ಅವರಿಗೆ ಅದೊಂದು ಬರಲ್ಲ. ಬೇರೆ ಏನಾನ ಕೇಳಿ, ಅಂಗಡಿ ಮುಚ್ಚಿಸ್ಬೇಕಾ ಮುಚ್ಚಿಸಿ, ಅದೊಂದು ಕೇಳ್ಬೇಡಿ" ಎಂದೆ. ದೊಡ್ಡೋರು ನನ್ನ ಕಡೆ ನೋಡಲಿಲ್ಲ. ನಮ್ಮವರು ನೆಲ ನೋಡುತ್ತ ಕೂತಿದ್ದರು. ಹೊರಗೆ ಯಾರದೋ ಸ್ಕೂಟರು ನಿಂತ ಸದ್ದಾಯಿತು. ಅವರು ಎದ್ದು, ದೊಡ್ಡೋರ ಕಾಲು ಮುಟ್ಟಿ, "ಆಯ್ತು" ಅಂದರು.

ಕಚೇರಿಯ ಹಿತ್ತಲಲ್ಲಿ ಮತ್ತೆ ಎಲ್ಲರೂ ಸೇರಿದರು. ಹಬ್ಬದ ಹಾಗೆ ಕುರ್ಚಿ ಹಾಕಿದ್ದರು. ನಮ್ಮವರನ್ನು ನಡುವೆ ನಿಲ್ಲಿಸಿದರು. ಹೇಳಿಕೊಟ್ಟದ್ದನ್ನು ಹೇಳಲು ಬಾರದೆ ಮೊದಲು ಒಂದೆರಡು ಸಲ ತಡವರಿಸಿದರು. ಅಪ್ಪಾ ದೇವರೇ, ತಡವರಿಸುತ್ತಲೇ ಇರಲಿ, ಮಾತು ಬಾರದೇ ಹೋಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಆದರೆ ಬಂತು. "ನನ್ನ ನಾಲಿಗೆ ಕೆಟ್ಟಿತ್ತು. ಉಪ್ಪು ಸರಿಯಾಗೇ ಬಿದ್ದಿತ್ತು. ತಪ್ಪಾಯ್ತು" ಅಂದರು. ಜನ ಚಪ್ಪಾಳೆ ತಟ್ಟಿದರು. ಸಿದ್ದವೀರಯ್ಯನವರನ್ನು ಇಬ್ಬರು ಹಿಡಿದುಕೊಂಡು ಕರೆತಂದಿದ್ದರು. ಈ 'ಸರಿಯಾಗೇ ಬಿದ್ದಿತ್ತು' ಎಂಬ ಮಾತು ಕೇಳಿ ಆ ಮುದುಕರು ಮುಖ ಮುಚ್ಚಿಕೊಂಡರು. ತನ್ನ ಮನಸ್ಸು ಕೆಟ್ಟದ್ದು ಖಂಡಿತ ಎಂದು ಅವರಿಗೆ ಅಂದು ಖಾತ್ರಿಯಾಗಿರಬೇಕು.

ಆಮೇಲೆ ದೊಡ್ಡೋರು ಎಲ್ಲರಿಗೂ ಕಾಣುವ ಹಾಗೆ ಒಂದು ಚಿಟಿಕೆ ಉಪ್ಪು ತೆಗೆದು ನಮ್ಮವರ ಬಾಯಿಯ ಹತ್ತಿರ ತಂದರು. ನಾನು ಹತ್ತಿರದಲ್ಲೇ ನಿಂತಿದ್ದೆ. ಉಪ್ಪು ಇನ್ನೂ ದೊಡ್ಡೋರ ಬೆರಳಲ್ಲಿತ್ತು, ನಾಲಿಗೆಗೆ ಸೋಕಿರಲಿಲ್ಲ. ಅಷ್ಟರಲ್ಲೇ ನಮ್ಮವರು "ಹಿಡೀತು" ಅಂದುಬಿಟ್ಟರು. ಅರೆಗಣ್ಣು ಮುಚ್ಚಿ, ತಲೆ ತೂಗಿ, ಎಲ್ಲರೂ ಅನ್ನುವ ಹಾಗೆಯೇ ಅಂದರು. ದೊಡ್ಡೋರು ಆ ಚಿಟಿಕೆಯನ್ನು ಹಾಗೇ ಬೆರಳಲ್ಲಿ ಹಿಡಿದುಕೊಂಡರು. ಅವರಿಗೂ ಕಂಡಿತ್ತು. ಇದ್ದ ಒಬ್ಬನೂ ಹೋದ ಎಂದು ಅವರಿಗೆ ಅಲ್ಲೇ ತಿಳಿಯಿತು, ಆದರೂ ನಗುತ್ತ ನಮ್ಮವರನ್ನು ತಬ್ಬಿಕೊಂಡರು. ಓಂಕಾರಪ್ಪ ಹಾರ ಹಾಕಿದ.

ಅಂಗಡಿಗೆ ಬಟ್ಟೆಯ ಹೊರೆ ವಾಪಸು ಬಂತು. ಕ್ಯಾಕರಿಸುತ್ತಿದ್ದವರು ನಮಸ್ಕಾರ ಮಾಡತೊಡಗಿದರು. ಬೈಲಪ್ಪ ಮುಂಬಾಗಿಲಿಂದಲೇ ಬಂದು ಕಾಫಿ ಕುಡಿದು ಹೋದ. ಬಾವುಟಕ್ಕೆ ಈಗ ಹಳದಿ ಅಂಚಿದೆ. ನಮ್ಮವರೇ ಹೊಲಿಯುತ್ತಾರೆ. ಮನೆಯಲ್ಲಿ ಉಣ್ಣುವಾಗ ಮಾತ್ರ ಮೊದಲಿನ ಕೊಂಕು ನಿಂತುಹೋಯಿತು. ಜಾಸ್ತಿ ಎಂದಿಲ್ಲ, ಕಮ್ಮಿ ಎಂದಿಲ್ಲ. ಬಡಿಸಿದ್ದನ್ನು ಉಂಡು, "ಸರಿಯಾಗಿದೆ" ಎಂದು ಏಳುತ್ತಿದ್ದರು. ಮನಸ್ಸು ನೊಂದಿದೆ, ದಿನ ಕಳೆದರೆ ಸರಿಹೋದೀತು ಎಂದು ನಾನು ನನಗೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಹುರುಳಿಸಾರು ಮಾಡಿದೆ. ಉಪ್ಪಿನ ಮಡಕೆಯ ಮುಚ್ಚಳ ತೆಗೆದವಳು ಹಾಗೇ ಮುಚ್ಚಿಬಿಟ್ಟೆ. ಒಂದು ಹರಳೂ ಹಾಕಲಿಲ್ಲ. ನನಗೆ ಅವರನ್ನು ಪರೀಕ್ಷೆ ಮಾಡುವ ಹಟವೇನೂ ಇರಲಿಲ್ಲ. ಒಂದು ಸಲ ಬೈಯಲಿ, ಅಷ್ಟೆ. 'ನಿನ್ನ ಮನಸ್ಸು ಎಲ್ಲಿತ್ತೇ' ಎಂಬ ಮಾತು ಒಂದು ಸಲ ಕಿವಿಗೆ ಬೀಳಲಿ ಎಂದು ಆಸೆಯಾಗಿತ್ತು. ಮುದ್ದೆ ಇಟ್ಟು, ಸಾರು ಸುರಿದು, ಕಂಬಕ್ಕೆ ಒರಗಿ ಕೂತೆ. ಅವರು ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟರು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ಹುಬ್ಬು ಅಲುಗಲಿಲ್ಲ. ಇನ್ನೊಂದು ತುತ್ತು, ಮತ್ತೊಂದು. ತಟ್ಟೆ ಬರಿದಾಯಿತು. "ಹೆಂಗಿದೆ ರೀ?" ಎಂದು ಕೇಳಿದೆ. ಅವರು ಅರೆಗಣ್ಣು ಮುಚ್ಚಿ, ತಲೆ ತೂಗಿ, "ಸರಿಯಾಗಿ ಹಿಡಿದಿದೆ" ಅಂದರು.

ನನ್ನ ಕೈಯ ಉಪ್ಪು ಅವರಿಗೆ ಹಿಡಿಯುವುದು ನಿಂತುಹೋಗಿ ನನಗೆ ನೋವಾಗಬಾರದೆಂದು ಹಾಗೆ ಅಂದರೋ, ನಾಲಿಗೆಯೇ ಸತ್ತುಹೋಗಿದೆಯೋ, ರೂಢಿಯಿಂದ ಬಾಯಿಗೆ ಬಂದ ಮಾತೋ, ನನಗೆ ಗೊತ್ತಿಲ್ಲ. ಕೇಳಿದರೆ ಏನಾದರೂ ಹೇಳುತ್ತಾರೆ. ಹೇಳಿದ್ದನ್ನು ನಂಬುವುದಕ್ಕೆ ಇನ್ನು ನನ್ನ ಹತ್ತಿರ ಏನೂ ಉಳಿದಿಲ್ಲ.

ಅವರು ಕೈ ತೊಳೆದು ಬಂದು, ಪ್ರತಿದಿನದ ಹಾಗೆ ನನ್ನ ತಟ್ಟೆಯ ಅಂಚಿಗೆ ಒಂದು ಚಿಟಿಕೆ ಉಪ್ಪು ಇಟ್ಟು ಅಂಗಡಿಗೆ ಹೊರಟರು. ನಾನು ಆ ಉಪ್ಪನ್ನು ಸಾರಿಗೆ ಕಲಸಿ ಒಂದು ತುತ್ತು ತಿಂದೆ. ಸಪ್ಪೆಯಾಗಿರಲಿ ಎಂದು ಅಷ್ಟು ಬೇಡಿಕೊಂಡರೂ ಸಪ್ಪೆಯಾಗಿರಲಿಲ್ಲ. ಯಾವಾಗಲೂ ಇರುವ ಹಾಗೆ ಚೆನ್ನಾಗಿ ಹಿಡಿದಿತ್ತು. ಚಪ್ಪಲಿ ಮೆಟ್ಟುತ್ತಿದ್ದವರು ಹೊಸ್ತಿಲಾಚೆಯಿಂದ, "ಉಪ್ಪು ಹಿಡೀತೇನೇ?" ಎಂದು ಕೇಳಿದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು, "ಹಿಡೀತು ರೀ" ಎಂದೆ.